ಡೇಟಾಶೀಟ್ ಕೊಡದ ಚಿಪ್‌ಗಳು

ಲಿನಕ್ಸ್ ಕರ್ನಲ್‌ನ ಜೊತೆ ಬರುವ ದಾಖಲೆಗಳಲ್ಲಿ ಹಾರ್ಡ್‌ವೇರ್ ಮಾನಿಟರಿಂಗ್‌ಗೆಂದೇ ಒಂದು ದೊಡ್ಡ ಫೋಲ್ಡರ್ ಇದೆ. ಕಂಪ್ಯೂಟರಿನ ಒಳಬಿಸಿ, ಫ್ಯಾನ್‌ನ ವೇಗ, ವೋಲ್ಟೇಜ್ ಇವನ್ನೆಲ್ಲ ಅಳೆಯುವ ಚಿಪ್‌ಗಳ ವಿವರ ಅಲ್ಲಿ ಸಿಗುತ್ತದೆ. ಹೆಚ್ಚಿನ ಪುಟಗಳ ತಲೆಯಲ್ಲಿ ಒಂದೇ ಬಗೆಯ ನಾಲ್ಕು ಸಾಲು: ಚಿಪ್‌ನ ಹೆಸರು, ಡ್ರೈವರ್ ಅದಕ್ಕೆ ಇಟ್ಟ ಅಡ್ಡಹೆಸರು, ಅದು ಸಿಗುವ ವಿಳಾಸ, ಅದರ ಡೇಟಾಶೀಟ್, ಅಂದರೆ ತಯಾರಕರ ವಿವರಪತ್ರ, ಎಲ್ಲಿದೆ ಎಂಬ ಮಾಹಿತಿ. ಈ ನಾಲ್ಕನೆಯ ಸಾಲನ್ನಷ್ಟೇ ಪುಟದಿಂದ ಪುಟಕ್ಕೆ ಓದಿಕೊಂಡು ಹೋದರೂ ಒಂದು ಕಸುಬಿನ ಚರಿತ್ರೆ ಕಣ್ಣಿಗೆ ಬೀಳುತ್ತದೆ. ಕೆಲವು ಚಿಪ್‌ಗಳ ಡೇಟಾಶೀಟ್ ತಯಾರಕರೇ ಎಲ್ಲರಿಗೂ ಕೊಟ್ಟದ್ದು. ಕೆಲವು ಕೇಳಿದವರಿಗೆ ಮಾತ್ರ. ಐಟಿಇ ಕಂಪನಿಯ ಕೆಲವು ಚಿಪ್‌ಗಳ ಮುಂದೆ, ಹಿಂದೊಮ್ಮೆ ಸಿಗುತ್ತಿತ್ತು, ಈಗಿಲ್ಲ ಎಂದಿದೆ. ಅದೇ ಕಂಪನಿಯ ಹೊಸ ಚಿಪ್‌ಗಳಲ್ಲಿ ಹಲವಕ್ಕೆ ಡೇಟಾಶೀಟ್ ಬಹಿರಂಗವಾಗಿಲ್ಲ ಎಂದಷ್ಟೇ ಇದೆ. ಅಸೂಸ್ ಕಂಪನಿಯ ಎಎಸ್‌ಬಿ100 ಚಿಪ್‌ನ ಪುಟದಲ್ಲಂತೂ ಡ್ರೈವರ್ ಬರೆದವರು ಮುಚ್ಚುಮರೆ ಮಾಡಿಲ್ಲ. ಡೇಟಾಶೀಟ್ ಕೊಡಲು ಅಸೂಸ್ ಒಪ್ಪುತ್ತಿಲ್ಲ ಎಂದು ನೇರವಾಗಿ ಬರೆದಿದ್ದಾರೆ.

ಇಷ್ಟಕ್ಕೂ ಮುಚ್ಚಿಟ್ಟದ್ದು ಏನನ್ನು? ಒಂದು ಥರ್ಮಾಮೀಟರ್, ಒಂದು ವೋಲ್ಟ್‌ಮೀಟರ್, ಫ್ಯಾನ್ ಎಷ್ಟು ಸಲ ತಿರುಗಿತು ಎಂದು ಎಣಿಸುವ ಒಂದು ಲೆಕ್ಕಗಾರ. ಯುದ್ಧವಿಮಾನದ ರೇಡಾರ್ ಅಲ್ಲ, ಬ್ಯಾಂಕಿನ ಗುಪ್ತಲಿಪಿಯೂ ಅಲ್ಲ.

ಈ ಜಾತಿಯ ಚಿಪ್‌ಗಳು ಹುಟ್ಟಿದಾಗ ಗುಟ್ಟು ಎಂಬುದೇ ಇರಲಿಲ್ಲ. 1990ರ ದಶಕದ ನಡುವಿನವರೆಗೆ ಮನೆ ಬಳಕೆಯ ಪಿಸಿಯ ಬಿಸಿಯನ್ನು ಯಾರೂ ಅಷ್ಟಾಗಿ ಅಳೆಯುತ್ತಿರಲಿಲ್ಲ. 486 ಪ್ರೊಸೆಸರ್‌ಗಳಲ್ಲಿ ಎಷ್ಟೋ ಫ್ಯಾನ್ ಇಲ್ಲದೆಯೇ ನಡೆದವು. ಪೆಂಟಿಯಂ ಬಂದು ವಿದ್ಯುತ್ ಬಳಕೆ ಏರಿದ ಮೇಲೆ ಫ್ಯಾನ್ ನಿಂತರೆ ಗತಿಯೇನು ಎಂಬ ಚಿಂತೆ ಶುರುವಾಯಿತು. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಆ ದಶಕದಲ್ಲೇ ಎಲ್‌ಎಂ75, ಎಲ್‌ಎಂ78 ಎಂಬ ಎರಡು ಚಿಪ್ ತಂದಿತು. ಮೊದಲನೆಯದು ಅರ್ಧ ಡಿಗ್ರಿ ಲೆಕ್ಕದಲ್ಲಿ ಬಿಸಿ ಹೇಳುವ ಪುಟ್ಟ ಸೆನ್ಸರ್. ಎರಡನೆಯದು ಏಳು ವೋಲ್ಟೇಜ್, ಮೂರು ಫ್ಯಾನ್, ಒಂದು ತಾಪಮಾನ ನೋಡಿಕೊಳ್ಳುವ ಪೂರ್ಣ ಕಾವಲುಗಾರ. ಎರಡರ ಡೇಟಾಶೀಟನ್ನೂ ಕಂಪನಿ ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿತ್ತು. ಚಿಪ್‌ನೊಳಗೆ ಅಂಕಿ ಇಡುವ ಮನೆಗಳಾದ ರಿಜಿಸ್ಟರ್‌ಗಳಲ್ಲಿ ಯಾವುದರಲ್ಲಿ ಏನಿದೆ, ಯಾವ ಅಂಕಿಗೆ ಯಾವ ಅರ್ಥ, ಎಲ್ಲವೂ ಅದರಲ್ಲಿತ್ತು.

ಎಲ್‌ಎಂ78ರ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ನೋಡಲೇಬೇಕು, ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ. ಫ್ಯಾನ್ ಒಂದು ಸುತ್ತಿಗೆ ಎರಡು ಮಿಡಿತ ಕಳುಹಿಸುತ್ತದೆ. ಚಿಪ್‌ನೊಳಗೆ 22.5 ಕಿಲೋಹರ್ಟ್ಸ್‌ನ ಗಡಿಯಾರವಿದೆ. ಫ್ಯಾನ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಆ ಗಡಿಯಾರ ಎಷ್ಟು ಸಲ ಬಡಿಯಿತು ಎಂಬುದನ್ನು ಚಿಪ್ ಎಣಿಸಿಡುತ್ತದೆ. ಹಾಗಾಗಿ 13,50,000ವನ್ನು ಆ ಎಣಿಕೆಯಿಂದಲೂ ಒಂದು ವಿಭಾಜಕದಿಂದಲೂ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ವಿಭಾಜಕ 2 ಇದ್ದು ಎಣಿಕೆ 153 ಬಂದರೆ ಸುಮಾರು 4,400 ಸುತ್ತು. ಎಣಿಕೆಗೆ ಇರುವುದು ಎಂಟೇ ಬಿಟ್, ಅಂದರೆ 255ಕ್ಕಿಂತ ಮುಂದೆ ಎಣಿಸಲು ಜಾಗವಿಲ್ಲ. ಫ್ಯಾನ್ ಸುಮಾರು 2,650 ಸುತ್ತಿಗಿಂತ ನಿಧಾನವಾದರೆ ಎಣಿಕೆ ತುಂಬಿ ತುಳುಕುತ್ತದೆ, ಸಲೀಸಾಗಿ ತಿರುಗುತ್ತಿರುವ ಫ್ಯಾನ್ ನಿಂತೇಹೋಗಿದೆ ಎಂದು ಪರದೆ ಹೇಳುತ್ತದೆ. ವಿಭಾಜಕವನ್ನು 4ಕ್ಕೋ 8ಕ್ಕೋ ಏರಿಸಿದರೆ ಸರಿಹೋಗುತ್ತದೆ. ಆದರೆ ವಿಭಾಜಕ ಎಂಬುದೊಂದಿದೆ, ಅದು ಇಂಥ ರಿಜಿಸ್ಟರ್‌ನ ಇಂಥ ಬಿಟ್‌ಗಳಲ್ಲಿದೆ ಎಂದು ಗೊತ್ತಿದ್ದರೆ ತಾನೆ?

ವೋಲ್ಟೇಜ್ ಕತೆ ಇನ್ನೂ ತೊಡಕಿನದು. ಚಿಪ್ ಒಂದೊಂದು ಅಂಕಿಗೆ 16 ಮಿಲಿವೋಲ್ಟ್‌ನಂತೆ ಅಳೆಯುತ್ತದೆ, ಹೆಚ್ಚೆಂದರೆ 4 ವೋಲ್ಟ್ ಚಿಲ್ಲರೆ. 12 ವೋಲ್ಟ್‌ನ ತಂತಿಯನ್ನು ನೇರವಾಗಿ ಅದಕ್ಕೆ ಕಟ್ಟುವಂತಿಲ್ಲ. ಹಾಗಾಗಿ ಮದರ್‌ಬೋರ್ಡ್ ಮಾಡುವವರು ನಡುವೆ ಎರಡು ರೆಸಿಸ್ಟರ್ ಇಟ್ಟು ವೋಲ್ಟೇಜನ್ನು ಇಳಿಸಿ ಕೊಡುತ್ತಾರೆ. 28 ಕಿಲೋಓಮ್, 10 ಕಿಲೋಓಮ್ ಜೋಡಿ ಇದ್ದರೆ ಓದಿದ್ದನ್ನು 3.8ರಿಂದ ಗುಣಿಸಬೇಕು. ಆ ರೆಸಿಸ್ಟರ್‌ಗಳ ಮೌಲ್ಯ ಚಿಪ್‌ನ ಡೇಟಾಶೀಟ್‌ನಲ್ಲಿರುವುದಿಲ್ಲ. ಅದು ಬೋರ್ಡ್ ಮಾಡಿದವರಿಗೆ ಮಾತ್ರ ಗೊತ್ತು. ಅಂದರೆ ಎಲ್ಲ ಕಾಗದ ಕೈಯಲ್ಲಿದ್ದಾಗಲೂ ಲಿನಕ್ಸ್‌ನವರಿಗೆ ಅರ್ಧ ಕೆಲಸ ಊಹೆಯದೇ ಆಗಿತ್ತು. ಲಿನಕ್ಸ್‌ನಲ್ಲಿ ಈ ಅಂಕಿಗಳನ್ನು ತೋರಿಸುವ ಸೆನ್ಸರ್ಸ್ ಪ್ರೋಗ್ರಾಮ್‌ನ ಸಂರಚನಾ ಕಡತದಲ್ಲಿ ಇಂದಿಗೂ ಕಾಣುವ ಗುಣಾಕಾರ, ಭಾಗಾಕಾರದ ಸಾಲುಗಳೆಲ್ಲ ಆ ಊಹೆಯ ಬಾಕಿ.

ಸ್ವೀಡನ್ನಿನ ಅಲೆಕ್ಸಾಂಡರ್ ಲಾರ್ಸನ್ ಎಲ್‌ಎಂ78ಕ್ಕೆ ಲಿನಕ್ಸ್‌ನ ಮೊದಮೊದಲ ಡ್ರೈವರ್ ಬರೆದರು. ಎಲ್‌ಎಂ75ಕ್ಕೆ ಬರೆದವರು ಫಿಲಿಪ್ ಎಡಲ್‌ಬ್ರಾಕ್. 1998ರ ಹೊತ್ತಿಗೆ ಎಡಲ್‌ಬ್ರಾಕ್ ಮತ್ತು ಫ್ರೋಡೊ ಲೊಯ್ಯಾರ್ಡ್ ಸೇರಿ ಇವನ್ನೆಲ್ಲ ಎಲ್‌ಎಂ-ಸೆನ್ಸರ್ಸ್ ಎಂಬ ಒಂದೇ ಸೂರಿನಡಿ ತಂದರು. ಯೋಜನೆಯ ಹೆಸರಿನಲ್ಲಿರುವ ಎಲ್‌ಎಂ ಎಂಬ ಎರಡಕ್ಷರ ನ್ಯಾಷನಲ್ ಸೆಮಿಕಂಡಕ್ಟರ್‌ನ ಚಿಪ್‌ಗಳಿಂದಲೇ ಬಂದದ್ದು. 2011ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಆ ಕಂಪನಿಯನ್ನು ಕೊಂಡುಕೊಂಡಿತು. ಎರಡಕ್ಷರ ಮಾತ್ರ ಲಕ್ಷಾಂತರ ಲಿನಕ್ಸ್ ಯಂತ್ರಗಳಲ್ಲಿ ಹಾಗೆಯೇ ಉಳಿದಿದೆ.

ಎಲ್‌ಎಂ78 ಹೊರಬಂದ ಸ್ವಲ್ಪ ದಿನದಲ್ಲೇ ತೈವಾನಿನ ವಿನ್‌ಬಾಂಡ್ ಅದರ ರಿಜಿಸ್ಟರ್ ವ್ಯವಸ್ಥೆಯನ್ನೇ ಅನುಸರಿಸಿ ಡಬ್ಲ್ಯೂ83781ಡಿ ಎಂಬ ಚಿಪ್ ಮಾಡಿತು. ಅದರ ಡೇಟಾಶೀಟೂ ಸಿಗುತ್ತಿತ್ತು. ಮದರ್‌ಬೋರ್ಡ್ ವ್ಯಾಪಾರದಲ್ಲಿ ಮುಂಚೂಣಿಯಲ್ಲಿದ್ದ ಅಸೂಸ್ ಆಮೇಲೆ ತನ್ನ ಬೋರ್ಡ್‌ಗಳಿಗೆಂದೇ ಎಎಸ್99127ಎಫ್ ಎಂಬ ಚಿಪ್ ಹಾಕತೊಡಗಿತು. ಏಳು ವೋಲ್ಟೇಜ್, ಮೂರು ಫ್ಯಾನ್, ಮೂರು ತಾಪಮಾನ. ಇದಕ್ಕೆ ಡೇಟಾಶೀಟ್ ಇಲ್ಲ, ಕೇಳಿದರೂ ಸಿಗಲಿಲ್ಲ. ಬೇಕಾದವರು ವಿಂಡೋಸ್‌ನಲ್ಲಿ ಅಸೂಸ್‌ನದೇ ಪಿಸಿ ಪ್ರೋಬ್ ಓಡಿಸಿಕೊಳ್ಳಬೇಕಿತ್ತು.

ಈ ಚಿಪ್‌ನ ಒಳಗೆ ಲಿನಕ್ಸ್‌ನವರು ನುಗ್ಗಿದ ರೀತಿಯೇ ಮುಂದೆ ಇಡೀ ಕಸುಬಿನ ಪದ್ಧತಿಯಾಯಿತು. ಮೊದಲು ಚಿಪ್‌ನ ಎಲ್ಲ ರಿಜಿಸ್ಟರ್‌ಗಳನ್ನೂ ಒಮ್ಮೆ ಓದಿ ಹದಿನಾರು ಸಾಲು, ಹದಿನಾರು ಕಂಬದ ಕೋಷ್ಟಕವಾಗಿ ಇಳಿಸಿಕೊಳ್ಳುವುದು. ಇದಕ್ಕೆಂದೇ ಐಎಸ್‌ಎ-ಡಂಪ್, ಐ2ಸಿ-ಡಂಪ್ ಎಂಬ ಚಿಕ್ಕ ಉಪಕರಣಗಳು ಹುಟ್ಟಿದವು. ಆಮೇಲೆ ಏನನ್ನಾದರೂ ಬದಲಿಸುವುದು: ಪ್ರೊಸೆಸರ್‌ಗೆ ಭಾರೀ ಕೆಲಸ ಕೊಟ್ಟು ಬಿಸಿ ಮಾಡುವುದು, ಒಂದು ಫ್ಯಾನ್‌ನ ತಂತಿ ಕೀಳುವುದು. ಮತ್ತೆ ಇಳಿಸಿಕೊಂಡು ಎರಡು ಕೋಷ್ಟಕ ಹೋಲಿಸುವುದು. ಯಾವ ಮನೆಯ ಅಂಕಿ ನಿಧಾನವಾಗಿ ಏರಿತೋ ಅದು ಬಿಸಿ. ಯಾವುದು ಥಟ್ಟನೆ 255ಕ್ಕೆ ಹಾರಿತೋ ಅದು ಫ್ಯಾನ್. ಕೊನೆಗೆ ಯಂತ್ರವನ್ನು ಮತ್ತೆ ಶುರುಮಾಡಿ ಯಂತ್ರ ಹಾಕಿದೊಡನೆ ಓಡುವ ಬಯಾಸ್ ತಂತ್ರಾಂಶದ ಪರದೆ ತೋರಿಸುವ ಅಂಕಿಗೆ ತಾಳೆ ನೋಡುವುದು. ಬಯಾಸ್ ಬರೆದವರಿಗೆ ಡೇಟಾಶೀಟ್ ಸಿಕ್ಕಿರುತ್ತದೆ, ಹಾಗಾಗಿ ಅವರ ಅಂಕಿಯೇ ಪ್ರಮಾಣ. ಅವರೂ ತಪ್ಪು ಮಾಡಬಲ್ಲರು ಎಂಬುದು ಬೇರೆ ಮಾತು.

ಹೀಗೆ ಹುಡುಕಿದಾಗ ಸಿಕ್ಕದ್ದು ತಮಾಷೆಯ ಸಂಗತಿ. ಗುಟ್ಟಿನ ಚಿಪ್ ಬಹುಪಾಲು ವಿನ್‌ಬಾಂಡ್‌ನ ಡಬ್ಲ್ಯೂ83781ಡಿಯಂತೆಯೇ ನಡೆದುಕೊಳ್ಳುತ್ತಿತ್ತು. ಇಂಥ ಚಿಪ್‌ಗಳಲ್ಲಿ ತಯಾರಕರ ಗುರುತುಸಂಖ್ಯೆಯೊಂದು ಇರುತ್ತದೆ. ಎಎಸ್99127ಎಫ್‌ನ ಮೊದಲ ಆವೃತ್ತಿಯಲ್ಲಿ ಅಸೂಸ್‌ನ ಸಂಖ್ಯೆಯಿತ್ತು, ಎರಡನೆಯ ಆವೃತ್ತಿಯಲ್ಲಿ ವಿನ್‌ಬಾಂಡ್‌ನ ಸಂಖ್ಯೆಯೇ ಕುಳಿತಿತ್ತು! ಕರ್ನಲ್‌ನಲ್ಲಿ ಇದಕ್ಕೆ ಬೇರೆ ಡ್ರೈವರ್ ಕೂಡ ಬೇಕಾಗಲಿಲ್ಲ, ಡಬ್ಲ್ಯೂ83781ಡಿ ಡ್ರೈವರ್‌ನೊಳಗೇ ಜಾಗ ಸಿಕ್ಕಿತು. ಆದರೆ ಬರೆದವರು ಪ್ರಾಮಾಣಿಕರು. ಡೇಟಾಶೀಟ್ ಸಿಗುವ ತನಕ ಇದು ಪ್ರಾಯೋಗಿಕವೇ, ಒಬ್ಬ ಬಳಕೆದಾರರ ಫ್ಯಾನ್ ಆಗಾಗ ನಿಂತುಹೋದದ್ದೂ ಉಂಟು ಎಂದು ಅದೇ ಪುಟದಲ್ಲಿ ಬರೆದಿಟ್ಟರು. ಆ ಮಾತು ದಾಖಲೆಯಲ್ಲಿ ವರ್ಷಗಟ್ಟಲೆ ಹಾಗೆಯೇ ಕೂತಿತು.

ಅಸೂಸ್‌ನ ಮುಂದಿನ ಚಿಪ್ ಎಎಸ್‌ಬಿ100, ಅಡ್ಡಹೆಸರು ಬಾಖ್. ಮಾರ್ಕ್ ಹಾಫ್‌ಮನ್ ಬರೆದ ಇದರ ಡ್ರೈವರ್‌ನ ದಾಖಲೆಯಲ್ಲಿ ಕೃತಜ್ಞತೆಯ ಪಟ್ಟಿಯೊಂದಿದೆ. ಅದರಲ್ಲಿ ಅಲೆಕ್ಸಾಂಡರ್ ಫಾನ್ ಕಾಮ್ ಅವರ ಹೆಸರು ಇರುವುದು ಗಮನಿಸಬೇಕಾದ್ದು, ಏಕೆಂದರೆ ಅವರು ಲಿನಕ್ಸ್‌ನವರಲ್ಲ. ವಿಂಡೋಸ್ ಬಳಸುವವರಲ್ಲಿ ಆ ಕಾಲಕ್ಕೆ ಮನೆಮಾತಾಗಿದ್ದ ಮದರ್‌ಬೋರ್ಡ್ ಮಾನಿಟರ್ ಎಂಬ ಪುಕ್ಕಟೆ ತಂತ್ರಾಂಶ ಅವರದು. ಎರಡು ಪಾಳಯಗಳ ನಡುವೆ ಆಗ ಎಷ್ಟು ಜಗಳವಿದ್ದರೂ ಡೇಟಾಶೀಟ್ ಇಲ್ಲದ ಚಿಪ್‌ನ ಮುಂದೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತಿದ್ದರು.

ಜನರಿಗೆ ಇದೆಲ್ಲ ಏಕೆ ಬೇಕಿತ್ತು ಎಂದು ಇಂದಿನವರು ಕೇಳಬಹುದು. 2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪ್ರಕಟಣೆ ಒಂದು ವಿಡಿಯೊ ಹೊರತಂದಿತು. ಓಡುತ್ತಿರುವ ಯಂತ್ರದಿಂದ ಪ್ರೊಸೆಸರ್ ಮೇಲಿನ ಹೀಟ್‌ಸಿಂಕನ್ನು ಕಿತ್ತು ತೆಗೆಯುವುದೇ ಪ್ರಯೋಗ. ಪೆಂಟಿಯಂ 4 ತನ್ನ ವೇಗ ಇಳಿಸಿಕೊಂಡು ಕೆಲಸ ಮುಂದುವರಿಸಿತು. ಎಎಂಡಿಯ ಆಥ್ಲಾನ್ ನೋಡನೋಡುತ್ತಿದ್ದಂತೆ ಹೊಗೆಯಾಡಿ ಸತ್ತಿತು. ಆ ಕಾಲದ ಆಥ್ಲಾನ್ ಕೊಂಡವರಿಗೆ ತಾಪಮಾನದ ಅಂಕಿ ಶೋಕಿಯಲ್ಲ, ಜೇಬಿನ ಪ್ರಶ್ನೆ.

ಊಹೆಯ ಮೇಲೆ ನಡೆಯುವ ಈ ಕಸುಬು ಒಮ್ಮೆ ಬೇರೆಯವರ ಯಂತ್ರಗಳನ್ನೇ ಕೊಂದಿತು. ಅದನ್ನು ಬಿಟ್ಟು ಈ ಚರಿತ್ರೆ ಹೇಳಿದರೆ ಸುಳ್ಳಾಗುತ್ತದೆ.

ಸೆನ್ಸರ್ ಚಿಪ್‌ಗಳಲ್ಲಿ ಹೆಚ್ಚಿನವು ಐ2ಸಿ ಅಥವಾ ಅದರ ದಾಯಾದಿಯಾದ ಎಸ್‌ಎಂಬಸ್ ಮೇಲೆ ಕೂತಿರುತ್ತವೆ. ಮೊದಲನೆಯದು 1980ರ ದಶಕದ ಆರಂಭದಲ್ಲಿ ಫಿಲಿಪ್ಸ್ ಕಂಪನಿ ಮಾಡಿದ್ದು, ಎರಡನೆಯದು 1995ರಲ್ಲಿ ಇಂಟೆಲ್ ಮುಂದೆ ನಿಂತು ತಂದದ್ದು. ಇರುವುದು ಎರಡೇ ತಂತಿ, ಏಳು ಬಿಟ್‌ನ ವಿಳಾಸ. ನೀನು ಯಾರು ಎಂದು ಕೇಳುವ ಸರ್ವಸಮ್ಮತ ವಿಧಾನ ಅಲ್ಲಿಲ್ಲ. ಎಲ್‌ಎಂ75ರಲ್ಲಂತೂ ಗುರುತುಸಂಖ್ಯೆಯ ರಿಜಿಸ್ಟರೇ ಇಲ್ಲ. ಅದು ನಡೆದುಕೊಳ್ಳುವ ರೀತಿ ನೋಡಿ ಅದೇ ಇರಬೇಕು ಎಂದು ತೀರ್ಮಾನಿಸಬೇಕು. ಹಾಗಾಗಿ ಚಿಪ್ ಹುಡುಕುವ ತಂತ್ರಾಂಶ ಒಂದೊಂದು ವಿಳಾಸಕ್ಕೂ ಹೋಗಿ ಕದ ತಟ್ಟುತ್ತದೆ, ಉತ್ತರ ಬಂದರೆ ಒಳಗೆ ಯಾರಿದ್ದಾರೆಂದು ಊಹಿಸುತ್ತದೆ.

ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳಲ್ಲಿ ಒಂದು ವಿಳಾಸದ ಹಿಂದೆ ಸೆನ್ಸರ್ ಇರಲಿಲ್ಲ, ಅಟ್ಮೆಲ್ ಕಂಪನಿಯ 24ಆರ್‌ಎಫ್08 ಎಂಬ ನೆನಪಿನ ಚಿಪ್ ಇತ್ತು. ಯಂತ್ರದ ಗುರುತು ಮೊದಲಾದ ಮುಖ್ಯ ಸಂಗತಿಗಳು ಅದರಲ್ಲಿದ್ದವು. ಆ ಚಿಪ್‌ಗೆ ಒಂದು ವಿಚಿತ್ರ ಗುಣ: ಕದ ತಟ್ಟಿ ಏನೂ ಹೇಳದೆ ಹೊರಟುಹೋದರೆ ಅದು ಕಾಯುತ್ತಲೇ ಇರುತ್ತದೆ, ಆ ತಂತಿಯ ಮೇಲೆ ಆಮೇಲೆ ಬೇರೆ ಯಾರಿಗೋ ಹೋಗುವ ಮಾತನ್ನು ತನಗೇ ಹೇಳಿದ್ದೆಂದು ತಿಳಿದು ಬರೆದುಕೊಳ್ಳುತ್ತದೆ. ಎಲ್‌ಎಂ-ಸೆನ್ಸರ್ಸ್‌ನ ಹುಡುಕಾಟ ಮಾಡಿದ್ದು ಇದನ್ನೇ. ಒಳಗಿದ್ದ ಮಾಹಿತಿ ಕೆಟ್ಟಿತು. ಮುಂದಿನ ಸಲ ಯಂತ್ರ ಹಾಕಿದಾಗ ಬಯಾಸ್ ಒಳಗಿನ ಲೆಕ್ಕ ತಾಳೆಯಾಗದೆ ಅಲ್ಲೇ ನಿಂತುಬಿಟ್ಟಿತು. ತಾಪಮಾನ ನೋಡಹೊರಟವರ ಲ್ಯಾಪ್‌ಟಾಪ್ ರಿಪೇರಿಗೆ ಐಬಿಎಂ ಬಾಗಿಲಿಗೆ ಹೋಯಿತು.

ಯೋಜನೆಯವರು ಇದಕ್ಕೆಂದೇ ಪ್ರತ್ಯೇಕ ಎಚ್ಚರಿಕೆಯ ಕಡತ ಬರೆದರು. ಕರ್ನಲ್‌ನ ಒಂದು ಎಸ್‌ಎಂಬಸ್ ಡ್ರೈವರ್ ಯಂತ್ರ ಐಬಿಎಂನದು ಎಂದು ಕಂಡರೆ, ನೆನಪಿನ ಚಿಪ್ ಕೆಡಬಹುದು, ನಾನು ಲೋಡ್ ಆಗುವುದಿಲ್ಲ ಎಂದು ಹಟ ಹಿಡಿಯುವಂತೆ ಮಾಡಿದರು. ಐ2ಸಿ ವ್ಯವಸ್ಥೆಯ ಕೇಂದ್ರಭಾಗದಲ್ಲೂ ಒಂದು ಸಣ್ಣ ತಡೆ ಸೇರಿತು. 50ರಿಂದ ಶುರುವಾಗುವ ವಿಳಾಸಗಳಲ್ಲಿ (ಹದಿನಾರರ ಲೆಕ್ಕದಲ್ಲಿ) ಹುಡುಕುವಾಗ ಇನ್ನೊಂದು ಹುಸಿ ಮಾತು ಕಳುಹಿಸಿ ಆ ಅಟ್ಮೆಲ್ ಚಿಪ್‌ನ ಕಾಯುವಿಕೆಯನ್ನು ಮುರಿಯುವುದು ಅದರ ಕೆಲಸ. ಆ ಥಿಂಕ್‌ಪ್ಯಾಡ್‌ಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾದರೂ ಸಂಕೇತದಲ್ಲಿ ಆ ಸಾಲು ಉಳಿದುಕೊಂಡಿತು.

ಬೋರ್ಡ್ ತಯಾರಕರು ಕೆಲವೊಮ್ಮೆ ಚಿಪ್‌ನ ಅರ್ಥವನ್ನಷ್ಟೇ ಅಲ್ಲ, ಅದರ ದಾರಿಯನ್ನೇ ಮುಚ್ಚಿದರು. ಅಸೂಸ್‌ನ ಪಿ4ಬಿ ಸಾಲಿನ ಬೋರ್ಡ್‌ಗಳಲ್ಲಿ ಇಂಟೆಲ್ ಚಿಪ್‌ಸೆಟ್‌ನ ಎಸ್‌ಎಂಬಸ್ ಭಾಗ ಆಪರೇಟಿಂಗ್ ಸಿಸ್ಟಮ್‌ಗೆ ಕಾಣದಂತೆ ಬಯಾಸ್ ಒಂದು ಬಿಟ್ ಒತ್ತಿಬಿಡುತ್ತಿತ್ತು. ಲಿನಕ್ಸ್‌ನವರು ಆ ಬಿಟ್ ಹುಡುಕಿ ಮತ್ತೆ ತೆರೆದರು. ಹಾಗೆ ತೆರೆಯಬೇಕಾದ ಬೋರ್ಡ್‌ಗಳ ಪಟ್ಟಿ ಬೆಳೆಯುತ್ತ ಹೋಯಿತು. ತೋಷಿಬಾದ ಎರಡು ಲ್ಯಾಪ್‌ಟಾಪ್‌ಗಳೂ ಒಮ್ಮೆ ಆ ಪಟ್ಟಿಗೆ ಸೇರಿದ್ದವು, ಆಮೇಲೆ ಅವನ್ನು ಹೊರಹಾಕಬೇಕಾಯಿತು. ಆ ಯಂತ್ರಗಳಲ್ಲಿ ಬಿಸಿಯನ್ನು ನಿಭಾಯಿಸುತ್ತಿದ್ದದ್ದು ಆಪರೇಟಿಂಗ್ ಸಿಸ್ಟಮ್‌ನ ಬೆನ್ನ ಹಿಂದೆ ಓಡುವ ಫರ್ಮ್‌ವೇರ್. ಇಬ್ಬರೂ ಒಂದೇ ಬಸ್‌ಗೆ ಕೈ ಹಾಕಿದರೆ ಅನಾಹುತ. ಬಚ್ಚಿಟ್ಟದ್ದಕ್ಕೆ ಒಮ್ಮೊಮ್ಮೆ ಕಾರಣವೂ ಇರುತ್ತದೆ, ಅದನ್ನು ಬಾಯಿಬಿಟ್ಟು ಹೇಳುವವರಿಲ್ಲದೆ ಹೋದದ್ದೇ ತಕರಾರು.

ಡೆಲ್ ಇನ್ಸ್‌ಪೈರಾನ್ 8000ಕ್ಕೆ ಮಾಸ್ಸಿಮೊ ದಾಲ್ ಝೊಟ್ಟೊ 2001ರಲ್ಲಿ ಬರೆದ ಡ್ರೈವರ್ ಹಿಡಿದದ್ದು ಇನ್ನೊಂದು ದಾರಿ. ಚಿಪ್ ಯಾವುದೆಂದು ತಲೆ ಕೆಡಿಸಿಕೊಳ್ಳದೆ, ಬೆನ್ನ ಹಿಂದಿನ ಆ ಫರ್ಮ್‌ವೇರನ್ನೇ ಕರೆದು ತಾಪಮಾನ ಎಷ್ಟು ಎಂದು ಕೇಳುವುದು. ಆ ಕರೆಗಳ ಪಟ್ಟಿಯನ್ನೂ ಡೆಲ್ ಕೊಟ್ಟಿರಲಿಲ್ಲ. ಮುಂದೆ ಕೆಲವು ಡೆಲ್ ಮಾದರಿಗಳಲ್ಲಿ ಇಂಥ ಒಂದು ಕರೆಗೆ ಇಡೀ ಯಂತ್ರ ಅರ್ಧ ಸೆಕೆಂಡು ಉಸಿರು ಹಿಡಿದು ನಿಲ್ಲುತ್ತಿತ್ತು, ಹಾಡು ಕೇಳುತ್ತಿದ್ದರೆ ನಡುವೆ ಕತ್ತರಿಸುತ್ತಿತ್ತು. ಅಂಥ ಮಾದರಿಗಳಲ್ಲಿ ಫ್ಯಾನ್ ವಿಚಾರ ಕೇಳಲೇಬೇಡ ಎಂದು ಡ್ರೈವರ್‌ನೊಳಗೇ ಬರೆಯಬೇಕಾಯಿತು.

ಇವೆಲ್ಲಕ್ಕಿಂತ ಸೊಗಸಾದ ಪ್ರಕರಣ ಅಬಿಟ್ ಕಂಪನಿಯ ಯುಗುರು. ಓವರ್‌ಕ್ಲಾಕಿಂಗ್ ಹುಚ್ಚಿನವರಿಗೆ ಅಚ್ಚುಮೆಚ್ಚಾಗಿದ್ದ ಈ ತೈವಾನ್ ಕಂಪನಿ 2000ದ ದಶಕದ ಮೊದಲರ್ಧದಲ್ಲಿ ಯುಗುರು ಎಂಬ ತನ್ನದೇ ಚಿಪ್ ಮಾಡಿರುವುದಾಗಿ ಜಾಹೀರಾತು ಕೊಟ್ಟಿತು. ಬಿಸಿ ನೋಡುವುದಷ್ಟೇ ಅಲ್ಲ, ವೋಲ್ಟೇಜನ್ನೂ ವೇಗವನ್ನೂ ಅದೇ ಬದಲಿಸುತ್ತಿತ್ತು. ಊಲ್ಲೆ ಸಾಂಡ್‌ಬರ್ಗ್ ಅದನ್ನು ಬಿಡಿಸಿ ನೋಡಿ 2005ರಲ್ಲಿ ತಾನೇ ಒಂದು ಡೇಟಾಶೀಟ್ ಬರೆದ. ಅದು ಈಗಲೂ ಕರ್ನಲ್ ದಾಖಲೆಗಳಲ್ಲಿದೆ, ಮತ್ತು ಓದಲು ರುಚಿಯಾಗಿದೆ. ಇದರಲ್ಲಿ ಅಬಿಟ್‌ನ ನೆರವು, ಸುಳಿವು ಏನೂ ಇಲ್ಲ, ತನ್ನ ಅಲ್ಪಸ್ವಲ್ಪ ತಿಳಿವಳಿಕೆಯಿಂದ ಕಲೆಹಾಕಿದ್ದು ಎಂಬ ವಿನಯದಿಂದ ಶುರುವಾಗುತ್ತದೆ. ಜೊತೆಯಲ್ಲೇ ಒಂದು ಚುಚ್ಚು: ಇದು ಅಬಿಟ್ ಹೇಳಿಕೊಳ್ಳುವಂತೆ ಅದರದೇ ಚಿಪ್ ಅಲ್ಲ, ವಿನ್‌ಬಾಂಡ್‌ನ ಒಂದು ಮೈಕ್ರೊಕಂಟ್ರೋಲರ್. ಮತ್ತೆ ವಿನ್‌ಬಾಂಡ್!

ಮೈಕ್ರೊಕಂಟ್ರೋಲರ್ ಎಂದರೆ ಅದರೊಳಗೊಂದು ಫರ್ಮ್‌ವೇರ್ ಓಡುತ್ತದೆ, ಚಿಪ್ ಏನು ಮಾತಾಡಬೇಕೆಂದು ತೀರ್ಮಾನಿಸುವುದು ಆ ಫರ್ಮ್‌ವೇರ್. ಅದರ ಆವೃತ್ತಿ ಬದಲಾದರೆ ಹೆಚ್ಚುಕಡಿಮೆ ಚಿಪ್ಪೇ ಬದಲಾದಂತೆ. ಸಾಂಡ್‌ಬರ್ಗ್ ಕೊಟ್ಟ ಅಡಿಪಾಯದ ಮೇಲೆ ಡ್ರೈವರ್ ಕಟ್ಟಿದ ಡಚ್ ಪ್ರೋಗ್ರಾಮರ್ ಹಾನ್ಸ್ ಡೆ ಹೂಡೆ ಅವರಿಗೆ ಎದುರಾದ ದೊಡ್ಡ ಸಮಸ್ಯೆ ಇದು: ಒಂದು ಗುಂಪಿನ ಹದಿನಾರು ಸೆನ್ಸರ್‌ಗಳಲ್ಲಿ ಯಾವುದು ತಾಪಮಾನ, ಯಾವುದು ವೋಲ್ಟೇಜ್ ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಓದಿದರೆ ಸಿಗುವುದು 0ರಿಂದ 255ರ ನಡುವಿನ ಒಂದು ಅಂಕಿ, ಅಷ್ಟೆ. ಅದು 60 ಡಿಗ್ರಿಯೋ, ವೋಲ್ಟಿನ ಒಂದು ಪಾಲೋ, ಅಂಕಿ ಹೇಳುವುದಿಲ್ಲ.

ಅವರು ಕಂಡುಕೊಂಡ ಉಪಾಯ ಹೀಗಿದೆ. ಸೆನ್ಸರ್ ಬೇಕಂತಲೇ ಎಚ್ಚರಿಕೆ ಎಬ್ಬಿಸುವ ಹಾಗೆ ಅದರ ಮಿತಿಗಳನ್ನು ಒಂದು ಕ್ಷಣ ತಪ್ಪಾಗಿ ಇಡುವುದು. ಚಿಪ್ ಬಾವುಟ ಎತ್ತುತ್ತದೆ. ಎತ್ತಿದ್ದು ವೋಲ್ಟೇಜ್ ಬಾವುಟವಾದರೆ ಅದು ವೋಲ್ಟೇಜ್, ತಾಪಮಾನದ್ದಾದರೆ ತಾಪಮಾನ. ಆಮೇಲೆ ಹಳೆಯ ಮಿತಿಗಳನ್ನು ಹಾಗೆಯೇ ಹಿಂದಿಡುವುದು. ಬೀಪ್ ಹೊಡೆಯುವ, ಯಂತ್ರವನ್ನೇ ಆರಿಸುವ ಆಯ್ಕೆಗಳು ಅಷ್ಟು ಹೊತ್ತು ಮುಚ್ಚಿರಬೇಕು, ಇಲ್ಲದಿದ್ದರೆ ಪ್ರಶ್ನೆ ಕೇಳಿದ್ದಕ್ಕೇ ಕಂಪ್ಯೂಟರ್ ಆರಿಹೋದೀತು. ಕೇಳಲು ಸರಳ, ಆದರೆ ದಾಖಲೆ ಇಲ್ಲದ ಚಿಪ್‌ನಿಂದ ಅದರ ಎಚ್ಚರಿಕೆ ವ್ಯವಸ್ಥೆಯನ್ನೇ ಬಳಸಿ ಸತ್ಯ ಹೊರಡಿಸುವ ಈ ಯುಕ್ತಿ ಈ ಕಸುಬಿನ ಅತ್ಯುತ್ತಮ ಕ್ಷಣಗಳಲ್ಲೊಂದು. 2006ರ ಕರ್ನಲ್ 2.6.18ರಲ್ಲಿ ಡ್ರೈವರ್ ಸೇರಿತು. ವೋಲ್ಟೇಜ್, ವೇಗ ಬದಲಿಸುವ ಭಾಗವನ್ನು ಅವರು ಮುಟ್ಟಲಿಲ್ಲ. ಯುಗುರುವಿನ ಮುಂದಿನ ಪೀಳಿಗೆಗೆ ಇನ್ನೊಂದು ಡ್ರೈವರ್ ಬಂತು. 2008ರ ಕೊನೆಗೆ ಅಬಿಟ್ ಮದರ್‌ಬೋರ್ಡ್ ವ್ಯಾಪಾರವನ್ನೇ ಮುಚ್ಚಿತು. ಡೇಟಾಶೀಟ್ ಕೊಡಬೇಕಿದ್ದವರು ಹೋದ ಮೇಲೆ ಯುಗುರುವಿನ ಬಗ್ಗೆ ಸಾರ್ವಜನಿಕರಿಗೆ ಉಳಿದದ್ದು ಸಾಂಡ್‌ಬರ್ಗ್ ಬರೆದದ್ದೇ.

ಈ ನಡುವೆ ಎಲ್‌ಎಂ-ಸೆನ್ಸರ್ಸ್‌ನ ಡ್ರೈವರ್‌ಗಳು ಕರ್ನಲ್‌ನ ಒಳಗೆ ಬಂದಿದ್ದವು. ಹೊರಗೆ ಬೆಳೆದ ಸಂಕೇತ 2003ರ ಹೊತ್ತಿಗೆ ಒಂದೊಂದಾಗಿ ಒಳಸೇರಿ, 2005ರಲ್ಲಿ ಹಾರ್ಡ್‌ವೇರ್ ಮಾನಿಟರಿಂಗ್‌ಗೆ ತನ್ನದೇ ಕೋಣೆ ಸಿಕ್ಕಿತು. ಎಲ್ಲ ತಾಪಮಾನವೂ ಮಿಲಿಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊರಬರಬೇಕು ಎಂಬಂಥ ಶಿಸ್ತು ಬಂತು. ಫ್ರಾನ್ಸಿನ ಜಾನ್ ಡೆಲ್ವಾರ್, ಆಮೇಲೆ ಗುಂಟರ್ ರೋಕ್ ಇದರ ಉಸ್ತುವಾರಿ ಹೊತ್ತರು. ವಿನ್‌ಬಾಂಡ್‌ನಲ್ಲಿ ಇಂಥ ಚಿಪ್ ಮಾಡುತ್ತಿದ್ದ ವಿಭಾಗ 2008ರಲ್ಲಿ ನುವೊಟಾನ್ ಎಂಬ ಬೇರೆ ಕಂಪನಿಯಾಯಿತು.

ಅದೇ ಕಾಲಕ್ಕೆ ಹೊಸ ತಕರಾರು ತಲೆಯೆತ್ತಿತು. ಈ ಚಿಪ್‌ಗಳನ್ನು ಓದುವುದು ಎರಡು ಹೆಜ್ಜೆಯ ಕೆಲಸ. ಎಲ್‌ಎಂ78 ಕಾಲದಿಂದ ಬಂದ ವಾಡಿಕೆಯಂತೆ 295ನೆಯ (ಇದೂ ಹದಿನಾರರ ಲೆಕ್ಕದಲ್ಲಿ) ಪೋರ್ಟಿಗೆ ಯಾವ ರಿಜಿಸ್ಟರ್ ಬೇಕೆಂದು ಬರೆಯಬೇಕು, 296ರಿಂದ ಉತ್ತರ ಓದಬೇಕು. ಬಯಾಸ್, ಆಪರೇಟಿಂಗ್ ಸಿಸ್ಟಮ್‌ಗಾಗಿ ತಾನು ಕೊಡುವ ಎಸಿಪಿಐ ಸಂಕೇತದ ಮೂಲಕ ಅದೇ ಪೋರ್ಟುಗಳನ್ನು ಬಳಸುತ್ತಿದ್ದರೆ? ಒಂದೇ ಪುಸ್ತಕ ಓದುವ ಇಬ್ಬರಲ್ಲಿ ಒಬ್ಬ ತೆರೆದಿಟ್ಟ ಪುಟವನ್ನು ಇನ್ನೊಬ್ಬ ಮಗುಚಿದ ಹಾಗಾಗುತ್ತದೆ. ತಾಪಮಾನ ಎಂದುಕೊಂಡು ಫ್ಯಾನ್‌ನ ಅಂಕಿ ಓದುವುದು ಸಣ್ಣ ಕೇಡು. ಫ್ಯಾನ್‌ಗೆ ಬರೆಯಹೋಗಿ ಇನ್ನೆಲ್ಲೋ ಬರೆದರೆ ದೊಡ್ಡದು. 2009ರ ಕರ್ನಲ್ 2.6.31ರಿಂದ ಲಿನಕ್ಸ್ ಗಟ್ಟಿ ನಿಲುವು ತಳೆಯಿತು. ಬಯಾಸ್ ತನ್ನದೆಂದು ಹೇಳಿಕೊಂಡ ಪೋರ್ಟಿಗೆ ಡ್ರೈವರ್ ಕೈ ಹಾಕುವಂತಿಲ್ಲ. ರಾತ್ರೋರಾತ್ರಿ ಎಷ್ಟೋ ಜನರ ಸೆನ್ಸರ್‌ಗಳು ಮಾಯವಾದವು. ತಡೆಯನ್ನು ಸಡಿಲಿಸುವ ಬೂಟ್ ಆಯ್ಕೆಯೊಂದಿದೆ. ಅದನ್ನು ಹಾಕಿಕೊಳ್ಳಿ ಎಂಬ ಸಲಹೆ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತದೆ, ಅಪಾಯದ ಮಾತು ಅಷ್ಟಾಗಿ ಹರಿಯುವುದಿಲ್ಲ.

ಸರಿಯಾದ ದಾರಿ ಬಯಾಸ್‌ನದೇ ಬಾಗಿಲಿನಿಂದ ಹೋಗುವುದು. ಅಸೂಸ್ ಬೋರ್ಡ್‌ಗಳ ಎಸಿಪಿಐನಲ್ಲಿ ಅಂಥ ಬಾಗಿಲು ಇತ್ತು, ಅದಕ್ಕೂ ದಾಖಲೆ ಇರಲಿಲ್ಲ, ಅದನ್ನೂ ಬಿಡಿಸಿ ನೋಡಿ ಡ್ರೈವರ್ ಬರೆದರು. 2022ರ ಕರ್ನಲ್ 5.17ರಲ್ಲಿ ನುವೊಟಾನ್ ಚಿಪ್‌ಗಳ ಡ್ರೈವರ್ ಕೂಡ ಅಸೂಸ್‌ನ ಹೊಸ ಬೋರ್ಡ್‌ಗಳಲ್ಲಿ ಈ ದಾರಿ ಹಿಡಿಯಿತು. ಆದರೆ ಯಾವ ಬೋರ್ಡ್‌ನಲ್ಲಿ ಈ ಬಾಗಿಲು ನೆಚ್ಚಬಹುದು ಎಂಬುದನ್ನು ಹೆಸರು ಹಿಡಿದು ಬರೆದಿಡಬೇಕು. ಹೊಸ ಬೋರ್ಡ್ ಕೊಂಡವರು ಪರೀಕ್ಷಿಸಿ ಹೇಳಿದಂತೆಲ್ಲ ಪಟ್ಟಿಗೆ ಒಂದೊಂದು ಸಾಲು ಸೇರುತ್ತದೆ. ನುವೊಟಾನ್‌ನ ಎನ್‌ಸಿಟಿ6683 ಬಗೆಯ ಚಿಪ್‌ಗಳಲ್ಲಿ ಯುಗುರುವಿನ ಹಳೆಯ ಗೋಳೇ ಮರಳಿತು. ಒಳಗಿನ ಫರ್ಮ್‌ವೇರ್ ಬೋರ್ಡ್ ತಯಾರಕರದು, ಒಬ್ಬರದಕ್ಕೂ ಇನ್ನೊಬ್ಬರದಕ್ಕೂ ತಾಳೆಯಿಲ್ಲ. ಅದಕ್ಕೇ ಡ್ರೈವರ್ ತಯಾರಕರ ಗುರುತು ನೋಡುತ್ತದೆ, ಪರಿಚಯವಿಲ್ಲದಿದ್ದರೆ ಬಳಕೆದಾರ ಒತ್ತಾಯಿಸುವ ತನಕ ಸುಮ್ಮನಿರುತ್ತದೆ.

ಸುಮ್ಮನಿರುವುದನ್ನು ಈ ಕಸುಬಿನವರು ಕಲಿತದ್ದು ಹೀಗೆ ಏಟು ತಿಂದೇ. 2020ರ ಆರಂಭದಲ್ಲಿ ಎಎಂಡಿ ರೈಜನ್ ಪ್ರೊಸೆಸರ್‌ಗಳ ವೋಲ್ಟೇಜ್, ಕರೆಂಟ್ ತೋರಿಸುವ ಸೌಲಭ್ಯ ಲಿನಕ್ಸ್‌ಗೆ ಬಂದಾಗ ಬಳಕೆದಾರರು ಕುಣಿದಾಡಿದರು. ರಿಜಿಸ್ಟರ್‌ಗಳ ವಿವರವನ್ನು ಎಎಂಡಿ ಬಹಿರಂಗಪಡಿಸಿರಲಿಲ್ಲ, ಜನ ಹುಡುಕಿಕೊಂಡದ್ದು. ಒಂದು ಮಾದರಿಗೆ ಸರಿಬಂದ ಗುಣಕ ಇನ್ನೊಂದಕ್ಕೆ ಬರಲಿಲ್ಲ. ಅಸಾಧ್ಯ ಎನ್ನುವಂಥ ವೋಲ್ಟೇಜ್ ಕಂಡ ಕೆಲವರು ಈ ಡ್ರೈವರೇ ತಮ್ಮ ಪ್ರೊಸೆಸರನ್ನು ಹಾಳುಮಾಡುತ್ತಿದೆಯೋ ಎಂದು ಹೆದರಿದರು. ಸುಮಾರು ಒಂದು ವರ್ಷದಲ್ಲಿ ರೋಕ್ ಆ ಭಾಗವನ್ನು ಕಿತ್ತುಹಾಕಿದರು. ದಾಖಲೆ ಇಲ್ಲ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಇದನ್ನು ನಿಭಾಯಿಸಲು ಆಗದು ಎಂಬುದು ಅವರು ಕೊಟ್ಟ ಕಾರಣ. ತಾಪಮಾನ ಮಾತ್ರ ಉಳಿಯಿತು, ಮಿಕ್ಕದ್ದು ಬೇಕಾದವರು ಕರ್ನಲ್‌ನ ಹೊರಗಿನ ಮಾಡ್ಯೂಲ್‌ಗಳ ಮೊರೆ ಹೋದರು.

2020ರಲ್ಲೇ ಎಎಂಡಿ ತಾನೇ ಮುಂದೆ ಬಂದು ಶಕ್ತಿಬಳಕೆ ಅಳೆಯುವ ಒಂದು ಡ್ರೈವರ್ ಕೊಟ್ಟಿತ್ತು. ಇದರಲ್ಲಿ ಊಹೆ ಏನೂ ಇರಲಿಲ್ಲ, ತಯಾರಕರೇ ಬರೆದದ್ದು. ನವೆಂಬರಿನಲ್ಲಿ ಪ್ಲಾಟಿಪಸ್ ಎಂಬ ದಾಳಿಯನ್ನು ಸಂಶೋಧಕರು ಪ್ರಕಟಿಸಿದರು: ಪ್ರೊಸೆಸರ್ ಕ್ಷಣಕ್ಷಣಕ್ಕೆ ಎಷ್ಟು ಶಕ್ತಿ ಬಳಸುತ್ತದೆ ಎಂಬುದನ್ನು ನಿಖರವಾಗಿ ಓದುತ್ತಿದ್ದರೆ ಒಳಗೆ ನಡೆಯುತ್ತಿರುವ ಗೂಢಲಿಪಿಯ ಕೀಲಿಯನ್ನೇ ಕದಿಯಬಹುದು. ಡ್ರೈವರ್‌ನ ಅಂಕಿಗಳನ್ನು ಮೊದಲು ಸಾಮಾನ್ಯ ಬಳಕೆದಾರರಿಂದ ಮರೆಮಾಡಲಾಯಿತು. 2021ರ ಕರ್ನಲ್ 5.13ರಲ್ಲಿ ಡ್ರೈವರನ್ನೇ ತೆಗೆದುಹಾಕಿದರು.